ಟೀಚರ್ ಆಗ್ತೀನಿ ಅಂದ ಹೈಸ್ಕೂಲ್ ಮಕ್ಕಳಿಗೆ ಕಾಲೇಜು ಕ್ರೆಡಿಟ್: ಇಲಿನಾಯ್‌ನ ಒಂದು ಶಾಲೆಯ ಪ್ರಕರಣ

ಈ ಬರಹದಲ್ಲಿ ಊರಿನ ಹೆಸರಿಲ್ಲ, ಶಾಲೆಯ ಹೆಸರಿಲ್ಲ, ಕಾಲೇಜಿನ ಹೆಸರೂ ಇಲ್ಲ. ಮಕ್ಕಳ ಹೆಸರುಗಳನ್ನು ಬದಲಾಯಿಸಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರಗಳನ್ನೂ ಬದಲಾಯಿಸಿದ್ದೇನೆ. ಇಂಥ ಕೋರ್ಸ್ ಶುರು ಮಾಡುವ ಶಾಲೆಗಳಿಗೆ, ಮಕ್ಕಳನ್ನು ಸೇರಿಸಬೇಕು ಅಂತಿರುವ ಅಪ್ಪ ಅಮ್ಮಂದಿರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಅಮೆರಿಕದಲ್ಲಿರುವ ಕನ್ನಡದ ಮನೆಗಳಿಂದ ನನಗೆ ಬರುವ ಫೋನ್‌ಗಳಲ್ಲಿ ಅರ್ಧ ಇದೇ ವಿಷಯದ್ದು: "ಡ್ಯುಯಲ್ ಕ್ರೆಡಿಟ್ ತಗೊಂಡ್ರೆ ಒಳ್ಳೇದಾ?"

ಹಿನ್ನೆಲೆ

ನಾನು ದಾವಣಗೆರೆಯಲ್ಲಿ ಆರು ವರ್ಷ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು. ಈಗ ಇಲಿನಾಯ್ ರಾಜ್ಯದ ಒಂದು ಚಿಕ್ಕ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಅದೇ ಕೆಲಸ. ಅದರ ಜೊತೆಗೆ ಡ್ಯುಯಲ್ ಕ್ರೆಡಿಟ್ ಕೋರ್ಸ್‌ಗಳನ್ನು ನೋಡಿಕೊಳ್ಳುವ ಜವಾಬ್ದಾರಿಯೂ ಇದೆ.

ಡ್ಯುಯಲ್ ಕ್ರೆಡಿಟ್ ಅಂದರೆ ಹೈಸ್ಕೂಲಿನಲ್ಲಿ ಇದ್ದುಕೊಂಡೇ ಕಾಲೇಜಿನ ಕೋರ್ಸ್ ಓದುವುದು. ಪಾಸಾದರೆ ಎರಡು ಕಡೆಯೂ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಹೈಸ್ಕೂಲ್ ಅಂದರೆ 9ರಿಂದ 12ನೇ ತರಗತಿ, ಅಂದರೆ ನಮ್ಮ ಪಿಯುಸಿಯೂ ಅದರೊಳಗೇ. ಕ್ರೆಡಿಟ್ ಅಂದರೆ ಓದಿದ್ದನ್ನು ಕಾಲೇಜು ಲೆಕ್ಕ ಹಾಕುವ ಅಳತೆ. ನಾಲ್ಕು ವರ್ಷದ ಪದವಿಗೆ ಸುಮಾರು 120 ಕ್ರೆಡಿಟ್ ಬೇಕು. ಒಂದು ಕೋರ್ಸಿಗೆ ಸಾಮಾನ್ಯವಾಗಿ 3. ಕಾಲೇಜಿನ ಫೀಸ್ ಗೊತ್ತಿರುವ ಯಾರಿಗೇ ಆದರೂ ಆ ಮೂರು ಕ್ರೆಡಿಟ್ ಎಷ್ಟು ದೊಡ್ಡದು ಅಂತ ಗೊತ್ತು.

ನಮ್ಮ ಶಾಲೆಗೆ ಈ ಯೋಚನೆ ಬಂದದ್ದು ಕಷ್ಟದಿಂದ. ಗಣಿತಕ್ಕೆ ಒಂದು ಹುದ್ದೆ, ವಿಶೇಷ ಶಿಕ್ಷಣಕ್ಕೆ ಎರಡು ಹುದ್ದೆ ವರ್ಷವಿಡೀ ಖಾಲಿ. ಬದಲಿ ಟೀಚರ್‌ಗಳು ಬರುತ್ತಿದ್ದರು, ಹೋಗುತ್ತಿದ್ದರು. ಹೊರಗಿನಿಂದ ಬಂದವರು ಇಂಥ ಊರಲ್ಲಿ ಜಾಸ್ತಿ ದಿನ ನಿಲ್ಲುವುದಿಲ್ಲ. ಹಾಗಾದರೆ ಇಲ್ಲೇ ಹುಟ್ಟಿ ಬೆಳೆದ ಮಕ್ಕಳನ್ನೇ ಟೀಚರ್ ಮಾಡಿದರೆ? ಇದು ಹೊಸ ಯೋಚನೆಯೇನಲ್ಲ. ಸೌತ್ ಕ್ಯಾರೊಲಿನಾ ರಾಜ್ಯದಲ್ಲಿ 1980ರ ದಶಕದಿಂದ 'ಟೀಚರ್ ಕೆಡೆಟ್' ಅನ್ನುವ ಕೋರ್ಸ್ ನಡೆಯುತ್ತಿದೆ. ಓದಿನಲ್ಲಿ ಚುರುಕಾಗಿರುವ ಹೈಸ್ಕೂಲ್ ಮಕ್ಕಳಿಗೆ ಪಾಠ ಮಾಡುವ ಕೆಲಸದ ರುಚಿ ತೋರಿಸುವ ಕೋರ್ಸ್ ಅದು. ಇಲಿನಾಯ್‌ನಲ್ಲೂ 2016ರ ಒಂದು ಕಾನೂನು ದಾರಿ ತೆರೆದಿತ್ತು. ಹೈಸ್ಕೂಲ್ ವಿದ್ಯಾರ್ಥಿ ಒಂದು ವೃತ್ತಿಯನ್ನು ಆರಿಸಿಕೊಂಡು, ಕಾಲೇಜು ಮಟ್ಟದ ಓದಿನ ಜೊತೆ 60 ಗಂಟೆ ನಿಜವಾದ ಕೆಲಸದ ಜಾಗದಲ್ಲಿ ಕಳೆದರೆ, ಡಿಪ್ಲೊಮಾ, ಅಂದರೆ ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರದ ಮೇಲೆ ಅದರ ಮುದ್ರೆ ಬೀಳುತ್ತದೆ. ಶಿಕ್ಷಣವೂ ಆ ವೃತ್ತಿಗಳಲ್ಲಿ ಒಂದು.

ನಲವತ್ತು ಮೈಲಿ ದೂರದ ಕಮ್ಯುನಿಟಿ ಕಾಲೇಜಿನ (ಪದವಿಯ ಮೊದಲ ಎರಡು ವರ್ಷದ ಓದು ಸಿಗುವ ಸ್ಥಳೀಯ ಕಾಲೇಜು) ಜೊತೆ ಒಪ್ಪಂದ ಆಯಿತು. 'ಶಿಕ್ಷಣಕ್ಕೆ ಪ್ರವೇಶ' ಅನ್ನುವ 3 ಕ್ರೆಡಿಟ್ ಕೋರ್ಸ್. ಅದರೊಳಗೆ 15 ಗಂಟೆ ಪ್ರೈಮರಿ ಶಾಲೆಯಲ್ಲಿ ಕೂತು ನೋಡುವುದು. ಫೀಸ್ ನಮ್ಮ ಶಾಲಾ ಜಿಲ್ಲೆಯೇ (ಇಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಕಟ್ಟುತ್ತದೆ. ನಾನೇ ಕೂತು ಪ್ರಚಾರದ ಹಾಳೆ ಮಾಡಿದೆ. ಮೇಲೆ ದಪ್ಪ ಅಕ್ಷರದಲ್ಲಿ ಬರೆದದ್ದು: 'ಉಚಿತ ಕಾಲೇಜು ಕ್ರೆಡಿಟ್!' ಹದಿನೇಳು ಮಕ್ಕಳು ಹೆಸರು ಕೊಟ್ಟರು.

ಪಾಠ ಮಾಡೋದು ಯಾರು?

ಮೊದಲ ಪೆಟ್ಟು ಬಿದ್ದದ್ದು ಇಲ್ಲಿ. ನಮ್ಮಲ್ಲಿ ಶಿಶು ಬೆಳವಣಿಗೆಯ ಪಾಠವನ್ನು ಇಪ್ಪತ್ತು ವರ್ಷದಿಂದ ಮಾಡುತ್ತಿದ್ದ ಒಬ್ಬ ಹಿರಿಯ ಟೀಚರ್ ಇದ್ದಾರೆ. ಊರಿನ ಅರ್ಧ ತಾಯಂದಿರು ಅವರ ಹಳೇ ವಿದ್ಯಾರ್ಥಿಗಳು. ಈ ಕೋರ್ಸ್ ಅವರದ್ದೇ ಅಂತ ಎಲ್ಲರೂ ಅಂದುಕೊಂಡಿದ್ದೆವು. ಕಾಲೇಜು ಒಪ್ಪಲಿಲ್ಲ. ಈ ಭಾಗದ ಕಾಲೇಜುಗಳಿಗೆ ಮಾನ್ಯತೆ ಕೊಡುವ ಹೈಯರ್ ಲರ್ನಿಂಗ್ ಕಮಿಷನ್‌ನ ಆಗಿನ ಮಾರ್ಗಸೂಚಿ ಪ್ರಕಾರ, ಇಂಥ ಕೋರ್ಸ್ ಹೇಳಿಕೊಡುವವರಿಗೆ ಅದೇ ವಿಷಯದಲ್ಲಿ ಸ್ನಾತಕೋತ್ತರ ಪದವಿ ಇರಬೇಕು. ಇಲ್ಲವೇ ಬೇರೆ ವಿಷಯದ ಸ್ನಾತಕೋತ್ತರ ಪದವಿಯ ಜೊತೆ ಈ ವಿಷಯದಲ್ಲಿ 18 ಕ್ರೆಡಿಟ್ ಆ ಮಟ್ಟದ ಓದು ಇರಬೇಕು. ಅವರ ಸ್ನಾತಕೋತ್ತರ ಪದವಿ ಬೇರೆ ವಿಷಯದ್ದು.

ನನಗೆ ಅವರ ಮುಖ ನೋಡಲು ಆಗಲಿಲ್ಲ. ನನ್ನ ಎಂ.ಎಸ್ಸಿ. ಅಂಕಪಟ್ಟಿಗಳನ್ನು ಇಲ್ಲಿನ ಲೆಕ್ಕಕ್ಕೆ ಹೊಂದಿಸಲು ನಾನೂ ವರ್ಷಗಟ್ಟಲೆ ಓಡಾಡಿದವಳು. ತರಗತಿಯಲ್ಲಿ ನಿಂತು ಕಲಿತದ್ದಕ್ಕೆ ಕಾಗದದಲ್ಲಿ ಬೆಲೆ ಸಿಗದಿದ್ದರೆ ಹೇಗಿರುತ್ತದೆ ಅಂತ ಗೊತ್ತು.

ನಮ್ಮ ಮುಂದೆ ಎರಡು ದಾರಿ ಇತ್ತು. ಒಂದು ವರ್ಷ ಕಾಯುವುದು, ಅಥವಾ ಕಾಲೇಜಿನ ಅಧ್ಯಾಪಕರು ವಿಡಿಯೊ ಮೂಲಕ ಪಾಠ ಮಾಡುವುದು. ಎರಡನೆಯದನ್ನು ಆರಿಸಿದೆವು, ಒಂದು ಷರತ್ತಿನ ಮೇಲೆ. ಪಾಠ ನಡೆಯುವಾಗ ನಮ್ಮ ಹಿರಿಯ ಟೀಚರ್ ಕ್ಲಾಸಿನಲ್ಲೇ ಇರಬೇಕು, ಮತ್ತು ಹೈಸ್ಕೂಲ್ ಕಡೆಯ ಅಂಕ ಅವರೇ ಕೊಡಬೇಕು. ಆಗ ಇದು ಸುಮ್ನೆ ಅವರ ಮರ್ಯಾದೆಗೆ ಅಂತ ಮಾಡಿದ್ದು. ಮುಂದೆ ಒಂದು ಹುಡುಗಿಯನ್ನು ಉಳಿಸಿದ್ದು ಇದೇ ಷರತ್ತು.

ಗೋಡೆಗೆ ಒರಗಿ ನಿಂತ ಮಕ್ಕಳು

ಮೊದಲ ಎರಡು ವಾರದಲ್ಲಿ ಮೂರು ಮಕ್ಕಳು ಬಿಟ್ಟರು. ಅಷ್ಟರೊಳಗೆ ಬಿಟ್ಟರೆ ಕಾಲೇಜಿನ ದಾಖಲೆಯಲ್ಲಿ ಏನೂ ಬರುವುದಿಲ್ಲ. ಹದಿನಾಲ್ಕು ಮಂದಿ ಉಳಿದರು.

ನಾಲ್ಕನೇ ವಾರ ಪ್ರೈಮರಿ ಶಾಲೆಗೆ ಹೋಗುವುದು ಶುರುವಾಯಿತು. ಪ್ರತಿ ಮಂಗಳವಾರ, ಹಳದಿ ಬಸ್ಸಿನಲ್ಲಿ. ನಮ್ಮ ಒಂದು ಪೀರಿಯಡ್ 48 ನಿಮಿಷ. ಬಸ್ಸಿಗೆ ಹೋಗಿ ಬರಲು 20 ನಿಮಿಷ ಹೋದರೆ ಉಳಿಯುವುದೆಷ್ಟು? ಊಟದ ಬಿಡುವನ್ನೂ ಸೇರಿಸಿ ಹೇಗೋ ಒಂದು ಗಂಟೆ ಮಾಡಿದೆವು. ಮಕ್ಕಳು ಬಸ್ಸಿನಲ್ಲೇ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು.

ಎರಡನೇ ಮಂಗಳವಾರ ನಾನೂ ಹೋದೆ. ನೋಡಿದರೆ ನಮ್ಮ ಮಕ್ಕಳು ಕ್ಲಾಸಿನ ಹಿಂದೆ ಗೋಡೆಗೆ ಒರಗಿ ನಿಂತಿದ್ದಾರೆ. ಕೈಯಲ್ಲಿ ಕಾಲೇಜು ಕೊಟ್ಟ ಫಾರ್ಮ್. 'ಶಿಕ್ಷಕರು ಎಷ್ಟು ಪ್ರಶ್ನೆ ಕೇಳಿದರು', 'ಎಷ್ಟು ಮಕ್ಕಳು ಕೈ ಎತ್ತಿದರು' ಅಂತ ಗೆರೆ ಎಳೆಯುವುದು. ಇಬ್ಬರು ಗಡಿಯಾರ ನೋಡುತ್ತಿದ್ದರು. ಪ್ರೈಮರಿ ಟೀಚರ್‌ಗೂ ಮುಜುಗರ. ಏಳು ಜನ ದೊಡ್ಡ ಮಕ್ಕಳು ಹಿಂದೆ ನಿಂತು ಬರೆದುಕೊಳ್ಳುತ್ತಿದ್ದರೆ ಯಾರಿಗೆ ಆಗಲ್ಲ?

ನನಗೆ ನನ್ನ ಬಿ.ಎಡ್. ನೆನಪಾಯಿತು. ಆಗ ಅದು ಒಂದೇ ವರ್ಷದ್ದು. ಪಾಠ ವೀಕ್ಷಣೆ ನಾವೂ ಮಾಡಿದ್ದೆವು, ಹಿಂದಿನ ಬೆಂಚಿನಲ್ಲಿ ಕೂತು ಪುಸ್ತಕ ತುಂಬಿಸಿದ್ದೆವು. ಅದರಲ್ಲಿ ಒಂದಕ್ಷರವೂ ಇವತ್ತು ನೆನಪಿಲ್ಲ. ನೆನಪಿರುವುದು ಅಭ್ಯಾಸ ಪಾಠ. ಕಂಕುಳಲ್ಲಿ ರೋಲ್ ಅಪ್ ಬೋರ್ಡ್ ಇಟ್ಟುಕೊಂಡು ಸರ್ಕಾರಿ ಶಾಲೆಗೆ ಹೋಗಿ, ಎಂಟನೇ ತರಗತಿಗೆ ಪೈಥಾಗೊರಸ್ ಪ್ರಮೇಯ ಹೇಳಿ, ಹತ್ತು ನಿಮಿಷಕ್ಕೆ ಪಾಠ ಯೋಜನೆಯೆಲ್ಲ ಮುಗಿದುಹೋಗಿ ಇನ್ನೂ ಅರ್ಧ ಗಂಟೆ ಏನು ಮಾಡಬೇಕು ಅಂತ ಬೆವತದ್ದು. ಟೀಚರ್ ಆಗುವುದು ಏನು ಅಂತ ಗೊತ್ತಾದದ್ದು ಆ ಅರ್ಧ ಗಂಟೆಯಲ್ಲಿ.

ಪ್ರೈಮರಿ ಶಾಲೆಯ ಮುಖ್ಯಸ್ಥರ ಹತ್ತಿರ ಹೋಗಿ ಕೇಳಿಕೊಂಡೆ. ನಮ್ಮ ಮಕ್ಕಳನ್ನು ನಿಲ್ಲಿಸಬೇಡಿ, ಒಬ್ಬೊಬ್ಬರಿಗೆ ಒಂದೊಂದು ಮಗು ಕೊಡಿ. ಪ್ರತಿ ವಾರ ಅದೇ ಮಗು. ಓದಿಸಲಿ, ಅಥವಾ ಲೆಕ್ಕ ಮಾಡಿಸಲಿ. ಅವರು ಮೊದಲು ಹಿಂಜರಿದರು. ಮಕ್ಕಳ ವಿಷಯ ಹೊರಗೆ ಹೋಗಬಾರದು ಅನ್ನುವುದು ಅವರ ಚಿಂತೆ. ಅದು ನ್ಯಾಯವಾದ ಚಿಂತೆಯೇ. ನಮ್ಮ ಮಕ್ಕಳಿಂದ ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಸಿದೆವು. ಮಗುವಿನ ಹೆಸರು ಎಲ್ಲೂ ಬರೆಯುವಂತಿಲ್ಲ, ಮನೆಯಲ್ಲಿ ಹೇಳುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಅವರು ಒಪ್ಪಿದರು.

ಒಂದು ತಿಂಗಳಲ್ಲಿ ಇಡೀ ಕೋರ್ಸಿನ ಬಣ್ಣ ಬದಲಾಯಿತು. ಸೋಮವಾರ ಸಂಜೆ ಮಕ್ಕಳು ನನ್ನ ರೂಮಿಗೆ ಬಂದು, "ಮಿಸ್, ಕಳೆಯೋ ಲೆಕ್ಕದಲ್ಲಿ ದಶಕ ತಗೊಳ್ಳೋದನ್ನ ಕಡ್ಡಿ ಇಲ್ಲದೆ ಹೇಗೆ ತೋರಿಸೋದು?" ಅಂತ ಕೇಳತೊಡಗಿದರು.

ಮರಿಯಾ

ಈ ಪ್ರಕರಣದ ನಡುಬಿಂದು ಇವಳು. ಹನ್ನೊಂದನೇ ತರಗತಿ. ಅಪ್ಪ ಅಮ್ಮ ಮೆಕ್ಸಿಕೊದಿಂದ ಬಂದವರು, ಮನೆಯಲ್ಲಿ ಸ್ಪ್ಯಾನಿಷ್. ಕಾಲೇಜು ಮೆಟ್ಟಿಲು ಹತ್ತಿದವರು ಆ ಮನೆಯಲ್ಲಿ ಯಾರೂ ಇಲ್ಲ. ಸಂಜೆ ತಮ್ಮಂದಿರನ್ನು ನೋಡಿಕೊಳ್ಳುವುದು ಇವಳೇ.

ಇವಳಿಗೆ ಸಿಕ್ಕಿದ್ದು ಒಂದನೇ ತರಗತಿಯ ಒಬ್ಬ ಹುಡುಗ. ಓದಲು ಕೂತರೆ ಮೇಜಿನ ಕೆಳಗೆ ಜಾರಿಬಿಡುತ್ತಿದ್ದ. ಒಂದು ಮಂಗಳವಾರ ನಾನು ಪಕ್ಕದಲ್ಲೇ ಇದ್ದೆ. ಪುಸ್ತಕದಲ್ಲಿ 'ನೈಟ್' ಅನ್ನುವ ಪದ ಬಂತು. ರಾತ್ರಿ ಅನ್ನುವ ಅರ್ಥದ್ದು. ಇಂಗ್ಲಿಷಿನಲ್ಲಿ ಅದರ ಮಧ್ಯೆ ಜಿ, ಎಚ್ ಎರಡೂ ಇವೆ, ಆದರೆ ಎರಡೂ ಬಾಯಿ ಬಿಡುವುದಿಲ್ಲ. ಹುಡುಗ 'ನಿಗ್', 'ನಿಗ್' ಅಂತ ಸಿಕ್ಕಿಹಾಕಿಕೊಂಡ. ನಾನಾಗಿದ್ದರೆ ಹೇಳಿಬಿಡುತ್ತಿದ್ದೆ. ಮರಿಯಾ ಹೇಳಲಿಲ್ಲ. ಆ ಎರಡು ಅಕ್ಷರದ ಮೇಲೆ ತನ್ನ ಬೆರಳಿಟ್ಟು ಮುಚ್ಚಿದಳು. "ಇವರಿಬ್ಬರೂ ಮಲಗಿದ್ದಾರೆ, ಎಬ್ಬಿಸಬೇಡ" ಅಂದಳು. ಆಮೇಲೆ ಸುಮ್ಮನೆ ಕಾದಳು. ತುಂಬಾ ಹೊತ್ತು ಕಾದಳು. ಹುಡುಗ ಓದಿದ. ಮುಂದಿನ ಪುಟದಲ್ಲಿ 'ಲೈಟ್' ಬಂದಾಗ ತಾನೇ ಬೆರಳಿಟ್ಟ.

ಇಂಥ ಹುಡುಗಿಗೆ ಒಂಬತ್ತನೇ ವಾರದಲ್ಲಿ ಕಾಲೇಜಿನ ಕೋರ್ಸಿನಲ್ಲಿ ಇದ್ದ ಅಂಕ ನೂರಕ್ಕೆ 58.

ಯಾಕೆ ಹೀಗಾಯಿತು ಅಂತ ಕೂತು ನೋಡಿದೆವು. ಬುದ್ಧಿ ಕಡಿಮೆ ಅಂತಲ್ಲ. ಹೈಸ್ಕೂಲಿನಲ್ಲಿ ಬರಹ ಒಂದು ವಾರ ತಡವಾದರೂ ಟೀಚರ್ ತೆಗೆದುಕೊಳ್ಳುತ್ತಾರೆ, ಟೆಸ್ಟ್ ಕೆಟ್ಟರೆ ಇನ್ನೊಂದು ಅವಕಾಶ ಕೊಡುತ್ತಾರೆ. ಕಾಲೇಜಿನಲ್ಲಿ ಸಿಲಬಸ್‌ನಲ್ಲಿ ಬರೆದ ರಾತ್ರಿ 11:59ಕ್ಕೆ ಬಾಗಿಲು ಮುಚ್ಚಿತು ಅಂದರೆ ಮುಚ್ಚಿತು. ಎರಡು ಬರಹ ಹಾಗೇ ಹೋಗಿದ್ದವು. ಒಂದರಲ್ಲಿ ಅವಳು ಆ ಹುಡುಗನ ಹೆಸರನ್ನೇ ಬರೆದಿದ್ದಳು. ಪ್ರೀತಿಯಿಂದ ಬರೆದದ್ದು, ಆದರೆ ಗೌಪ್ಯತೆ ಮುರಿದದ್ದಕ್ಕೆ ಅಂಕ ಕಡಿತ. ಉಳಿದದ್ದು ಬರವಣಿಗೆಯ ತೊಂದರೆ. ಆರು ಪುಟದ ಪ್ರಬಂಧ, ಬೇರೆಯವರ ಸಿದ್ಧಾಂತ ಎತ್ತಿ ಹೇಳಿ ತನ್ನ ಅನುಭವದ ಜೊತೆ ಇಟ್ಟು ನೋಡಬೇಕು, ಯಾರ ಮಾತು ಎಲ್ಲಿಂದ ಬಂತು ಅಂತ ಕ್ರಮವಾಗಿ ತೋರಿಸಬೇಕು. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ತಪ್ಪು ನಮ್ಮ ಕಡೆಯದು. ಕಾಲೇಜು ಇಂಗ್ಲಿಷ್ ಬರವಣಿಗೆಯ ಕೋರ್ಸನ್ನು ನಾವು ಹನ್ನೆರಡನೇ ತರಗತಿಗೆ ಇಟ್ಟು, ಬರವಣಿಗೆ ಬೇಡುವ ಈ ಕೋರ್ಸನ್ನು ಹನ್ನೊಂದನೆಯವರಿಗೂ ತೆರೆದಿಟ್ಟಿದ್ದೆವು.

ಕಾಲೇಜಿನಿಂದ ಎಚ್ಚರಿಕೆಯ ಕಾಗದ ಮನೆಗೆ ಹೋಯಿತು. ಇಂಗ್ಲಿಷಿನಲ್ಲಿ. ಆ ಮನೆಗೆ ಬರುವ ಇಂಗ್ಲಿಷ್ ಕಾಗದವನ್ನೆಲ್ಲ ಓದಿ ಹೇಳುವವಳು ಮರಿಯಾನೇ. ತನ್ನದೇ ಕೆಟ್ಟ ಸುದ್ದಿಯನ್ನು ತಾನೇ ಅಮ್ಮನಿಗೆ ಅನುವಾದ ಮಾಡಬೇಕು. ಅವಳು ಅರ್ಧ ಹೇಳಿದಳು, ಅರ್ಧ ನುಂಗಿದಳು. ಅಪ್ಪನಿಗೆ ಅನುಮಾನ ಬಂದು, ಪರಿಚಯದವರೊಬ್ಬರಿಂದ ಕಾಲೇಜಿಗೆ ಫೋನ್ ಮಾಡಿಸಿದರು. ಕಾಲೇಜು ಏನೂ ಹೇಳಲಿಲ್ಲ. 1974ರ ಒಂದು ಕೇಂದ್ರ ಕಾನೂನಿನ ಪ್ರಕಾರ, ವಿದ್ಯಾರ್ಥಿ ಕಾಲೇಜಿಗೆ ಸೇರಿದರೆ, ವಯಸ್ಸು ಹದಿನಾರೇ ಆಗಿರಲಿ, ಆ ಕಾಲೇಜಿನ ದಾಖಲೆಗಳ ಮೇಲಿನ ಹಕ್ಕು ಅಪ್ಪ ಅಮ್ಮನಿಂದ ವಿದ್ಯಾರ್ಥಿಗೆ ಹೋಗುತ್ತದೆ. ಹೈಸ್ಕೂಲಿನ ದಾಖಲೆಯನ್ನು ಪೋಷಕರು ನೋಡಬಹುದು, ಕಾಲೇಜಿನದ್ದು ಮಗಳು ಬರೆದುಕೊಡದೆ ಕಷ್ಟ. ಈ ಮಾತನ್ನು ನಾವು ಕೋರ್ಸಿಗೆ ಸೇರಿಸುವಾಗ ಯಾವ ಪೋಷಕರಿಗೂ ಹೇಳಿರಲಿಲ್ಲ.

ಕೊನೆಗೆ ಅಮ್ಮ ಶಾಲೆಗೇ ಬಂದರು. ಕೆಲಸದ ಬಟ್ಟೆಯಲ್ಲೇ ಬಂದಿದ್ದರು. ನಾನು, ಕೌನ್ಸೆಲರ್, ಹಿರಿಯ ಟೀಚರ್, ಸ್ಪ್ಯಾನಿಷ್ ದುಭಾಷಿ. ಮರಿಯಾಳನ್ನು ಅನುವಾದ ಮಾಡಲು ಬಿಡಬಾರದು ಅಂತ ದುಭಾಷಿಯನ್ನು ಬೇಕಂತಲೇ ಕರೆಸಿದ್ದೆ. ಕೋರ್ಸಿನಿಂದ ಹಿಂದೆ ಸರಿಯುವ ಮಾತು ಬಂದದ್ದೇ ತಡ ಅಮ್ಮನ ಕಣ್ಣಲ್ಲಿ ನೀರು. "ನನ್ನ ಮಗಳನ್ನು ಸ್ಕೂಲಿನಿಂದ ತೆಗೆದುಹಾಕ್ತಾ ಇದ್ದೀರಾ?" ಅಂತ ಕೇಳಿದರು. ಇಲ್ಲ ಅಂತ ಅರ್ಥ ಮಾಡಿಸಲು ಹತ್ತು ನಿಮಿಷ ಬೇಕಾಯಿತು.

ನಾನು ಗಣಿತದವಳು, ಲೆಕ್ಕ ಹಾಕಿ ಹಾಳೆಯಲ್ಲಿ ತೋರಿಸಿದೆ. ಕೋರ್ಸಿನ ಶೇಕಡಾ 60 ಭಾಗದ ಅಂಕ ಆಗಲೇ ಬಿದ್ದಿದೆ, ಅದರಲ್ಲಿ ಅವಳ ಪಾಲು 35ಕ್ಕೆ ಒಂಚೂರು ಕಡಿಮೆ. 'ಸಿ' ಗ್ರೇಡಿಗೆ 70 ಬೇಕು. ಉಳಿದ 40ರಲ್ಲಿ 35ಕ್ಕಿಂತ ಜಾಸ್ತಿ ತೆಗೆಯಬೇಕು, ಅಂದರೆ ಇನ್ನು ಮುಂದೆ ಪ್ರತಿ ಕೆಲಸದಲ್ಲೂ ನೂರಕ್ಕೆ 88. 'ಡಿ' ಬಂದರೆ? ಪಾಸು ಅಂತ ಅನ್ನಿಸಿಕೊಳ್ಳಬಹುದು. ಆದರೆ ಟೀಚರ್ ತರಬೇತಿ ಕೊಡುವ ವಿಭಾಗಗಳು ಸಾಮಾನ್ಯವಾಗಿ 'ಸಿ'ಗಿಂತ ಕೆಳಗಿನದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವಳಿಗೆ ಬೇಕಾದ ಕೆಲಸಕ್ಕೇ ಆ 'ಡಿ' ಉಪಯೋಗಕ್ಕೆ ಬರಲ್ಲ, ಮೇಲಿಂದ ಕಾಲೇಜಿನ ಸರಾಸರಿಯನ್ನು ಹದಿನಾರನೇ ವಯಸ್ಸಿನಲ್ಲೇ ಕೆಳಗೆ ಎಳೆದುಬಿಡುತ್ತದೆ. 'ಎಫ್' ಬಂದರೆ ಇನ್ನೂ ಕಷ್ಟ. ಮುಂದೆ ಕಾಲೇಜಿನಲ್ಲಿ ಕೇಂದ್ರ ಸರ್ಕಾರದ ಧನಸಹಾಯ ಸಿಗಲು, ಸೇರಿದ ಕ್ರೆಡಿಟ್‌ಗಳಲ್ಲಿ ಎಷ್ಟು ಮುಗಿಸಿದೆ, ಸರಾಸರಿ ಎಷ್ಟು ಅಂತ ನೋಡುತ್ತಾರೆ. ಈ ಕೋರ್ಸೂ ಆ ಲೆಕ್ಕದೊಳಗೆ ಬರುತ್ತದೆ. ಹಿಂದೆ ಸರಿದರೆ 'ಡಬ್ಲ್ಯೂ' ಅಂತ ಬೀಳುತ್ತದೆ. ಅದೂ ಸೇರಿ ಮುಗಿಸದ ಕೋರ್ಸ್ ಅಂತಲೇ ಲೆಕ್ಕ, ಆದರೆ ಸರಾಸರಿಯನ್ನು ಮುಟ್ಟುವುದಿಲ್ಲ. ಕೊನೆಯ ದಿನಾಂಕಕ್ಕೆ ಇನ್ನು ಎಂಟು ದಿನ.

ಕೌನ್ಸೆಲರ್ ಹೇಳಿದ್ದು ಸರಳವಾಗಿತ್ತು. ಕೋರ್ಸ್ ಬಿಡಲಿ, ಆ ಪೀರಿಯಡ್‌ನಲ್ಲಿ ಓದುವ ಕೋಣೆಯಲ್ಲಿ ಕೂರಲಿ. ಸಾಮಾನ್ಯವಾಗಿ ಹಾಗೇ ಮಾಡುತ್ತಾರೆ. ನಾನೂ ಒಪ್ಪುವವಳಿದ್ದೆ. ಅಷ್ಟು ಹೊತ್ತು ಬಾಯಿ ಬಿಡದಿದ್ದ ಮರಿಯಾ ಒಂದೇ ಪ್ರಶ್ನೆ ಕೇಳಿದಳು: "ಹಾಗಾದ್ರೆ ಮಂಗಳವಾರ ನಾನು ಹೋಗೋ ಹಾಗಿಲ್ವಾ?"

ಕ್ರೆಡಿಟ್ ಬಗ್ಗೆ ಅವಳು ಕೇಳಲೇ ಇಲ್ಲ. ಆ ಕ್ಷಣ ನನಗೆ ನನ್ನ ಪ್ರಚಾರದ ಹಾಳೆ ಕಣ್ಮುಂದೆ ಬಂತು.

ಹಿರಿಯ ಟೀಚರ್ ಅಲ್ಲೇ ಹೇಳಿದರು: "ಕಾಲೇಜಿನ ಕಡೆಯದ್ದು ಬಿಡಲಿ. ಕ್ಲಾಸಿನಲ್ಲಿ ಇರಲಿ. ಹೈಸ್ಕೂಲ್ ಅಂಕ ಕೊಡೋಳು ನಾನು ತಾನೇ?" ನಿಯಮ ನೋಡಿದೆವು, ಅಡ್ಡಿ ಇರಲಿಲ್ಲ. ಕಾಲೇಜಿನ ಕೋರ್ಸಿನಿಂದ ಹಿಂದೆ ಸರಿದು, ಅದೇ ಕ್ಲಾಸಿನಲ್ಲಿ ಹೈಸ್ಕೂಲ್ ಕ್ರೆಡಿಟ್‌ಗೆ ಮಾತ್ರ ಮುಂದುವರಿಯಬಹುದು. ಆಡಳಿತದ ಕಡೆಯಿಂದ ಪ್ರಶ್ನೆ ಬಂತು: ಕಾಲೇಜು ಕ್ರೆಡಿಟ್ ಇಲ್ಲದ ಹುಡುಗಿಗೆ ಬಸ್ಸು ಯಾಕೆ, ಪ್ರೈಮರಿ ಶಾಲೆಯಲ್ಲಿ ಜಾಗ ಯಾಕೆ? ನಾನು ಬಿಡಲಿಲ್ಲ. ನಮಗೆ ಬೇಕಾಗಿರುವುದು ಟೀಚರ್‌ಗಳು, ಆ ಹದಿನಾಲ್ಕರಲ್ಲಿ ಟೀಚರ್ ಆಗಿಯೇ ಆಗುತ್ತಾಳೆ ಅಂತ ನಾನು ಕೈ ಎತ್ತಿ ಹೇಳಬಲ್ಲ ಹುಡುಗಿ ಇವಳು, ಇವಳನ್ನೇ ಬಸ್ಸಿನಿಂದ ಇಳಿಸಿದರೆ ಬಸ್ಸು ಯಾರಿಗೆ ಅಂತ ಕೇಳಿದೆ. ಒಪ್ಪಿದರು.

ಹೋದ ಕ್ರೆಡಿಟ್

ಡಿಸೆಂಬರ್‌ನಲ್ಲಿ ಕೋರ್ಸ್ ಮುಗಿದಾಗ ಹದಿಮೂರು ಮಂದಿಗೆ ಗ್ರೇಡ್ ಬಂತು. ಹನ್ನೊಂದು ಮಂದಿಗೆ 'ಸಿ' ಅಥವಾ ಮೇಲೆ. ಎಲ್ಲರೂ ಶಹಬ್ಬಾಸ್ ಅಂದರು.

ಏಪ್ರಿಲ್‌ನಲ್ಲಿ ಇನ್ನೊಂದು ಪೆಟ್ಟು. ಹನ್ನೆರಡನೇ ತರಗತಿಯವರಲ್ಲಿ ನಾಲ್ಕು ಮಂದಿಗೆ ವಿಶ್ವವಿದ್ಯಾಲಯಗಳ ಶಿಕ್ಷಣ ವಿಭಾಗದಲ್ಲಿ ಸೀಟು ಸಿಕ್ಕಿತ್ತು. ಕ್ರೆಡಿಟ್ ವರ್ಗಾವಣೆಯ ಪಟ್ಟಿ ಬಂತು. ನಮ್ಮ ಕೋರ್ಸಿನ ಎದುರು 'ಐಚ್ಛಿಕ, 3 ಕ್ರೆಡಿಟ್' ಅಂತಿತ್ತು. ಅಂದರೆ ಕ್ರೆಡಿಟ್ ಬಂದಿದೆ, ಆದರೆ ಆ ಪದವಿಗೆ ಬೇಕಾದ ಯಾವ ಖಾನೆಯನ್ನೂ ಅದು ತುಂಬುವುದಿಲ್ಲ. ಶಿಕ್ಷಣದ ಮೊದಲ ಕೋರ್ಸನ್ನು ಅವರು ತಮ್ಮಲ್ಲೇ ಮತ್ತೆ ಮಾಡಬೇಕು ಅನ್ನುತ್ತಾರೆ. ಟೀಚರ್ ತರಬೇತಿಯ ಪದವಿಯಲ್ಲಿ ಐಚ್ಛಿಕಕ್ಕೆ ಜಾಗವೇ ಕಡಿಮೆ. ಟೀಚರ್ ಕೆಲಸಕ್ಕೆ ಬೇಕಾದ ಲೈಸೆನ್ಸಿನ ವಿಷಯಗಳೇ ತುಂಬಿಕೊಂಡಿರುತ್ತವೆ.

ಒಬ್ಬ ಹುಡುಗನ ಅಪ್ಪ ನನ್ನ ಹಾಳೆಯನ್ನೇ ತಂದು ಮೇಜಿನ ಮೇಲಿಟ್ಟರು. ಜಗಳ ಮಾಡಲಿಲ್ಲ. "ಇಲ್ಲಿ ಕ್ರೆಡಿಟ್ ಅಂತ ಬರೆದಿದ್ದೀರಲ್ಲ" ಅಂತಷ್ಟೇ ಅಂದರು. ನನಗೆ ಉತ್ತರ ಇರಲಿಲ್ಲ. ಸೇರಿಸುವ ಮೊದಲು ನಾನು ಕಾಲೇಜಿಗೆ ಕೇಳಿದ್ದು, "ಈ ಕ್ರೆಡಿಟ್ ಬೇರೆ ಕಡೆ ವರ್ಗಾವಣೆ ಆಗುತ್ತಾ?" ಅಂತ. ಅವರು ಆಗುತ್ತೆ ಅಂದರು. ಅದು ಸುಳ್ಳಲ್ಲ. ಕೇಳಬೇಕಾಗಿದ್ದ ಪ್ರಶ್ನೆ ಬೇರೆ, ಕೇಳಬೇಕಾಗಿದ್ದ ಜಾಗವೂ ಬೇರೆ. ಮಕ್ಕಳು ಮುಂದೆ ಹೋಗುವ ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿ, "ನಿಮ್ಮ ಪ್ರೈಮರಿ ಶಿಕ್ಷಣ ಪದವಿಯಲ್ಲಿ ಈ ಕೋರ್ಸ್ ಯಾವ ಕೋರ್ಸಿನ ಬದಲಿಗೆ ನಿಲ್ಲುತ್ತೆ?" ಅಂತ ಕೇಳಬೇಕಿತ್ತು.

ಅದೇ ಹೊತ್ತಿಗೆ ಇನ್ನೊಂದು ಸಂಗತಿ. ಕ್ಲಾಸಿನಲ್ಲಿ ಎಲ್ಲರಿಗಿಂತ ಜಾಸ್ತಿ ಅಂಕ ತೆಗೆದವನು ಡೇವಿಡ್. ಅವನು ಬಂದು, "ನಾನು ಟೀಚರ್ ಆಗಲ್ಲ" ಅಂದ. ಮಕ್ಕಳು ಇಷ್ಟ, ಆದರೆ ದಿನವಿಡೀ ಅಷ್ಟು ಜನರ ನಡುವೆ ಇದ್ದರೆ ಮನೆಗೆ ಹೋಗಿ ಮಾತಾಡಲೂ ಆಗಲ್ಲ, ಅಷ್ಟು ಸುಸ್ತು ಅಂದ. ವರದಿಯಲ್ಲಿ ಅವನನ್ನು ನಷ್ಟದ ಖಾನೆಗೆ ಹಾಕಿದರು. ನನ್ನ ಲೆಕ್ಕ ಅದಲ್ಲ. ಈ ಮಾತು ಅವನಿಗೆ ಗೊತ್ತಾಗುವುದು ಪದವಿಯ ಕೊನೆಯ ವರ್ಷದ ಅಭ್ಯಾಸ ಬೋಧನೆಯಲ್ಲಿ ಆಗಿದ್ದರೆ, ಮೂರು ವರ್ಷದ ಫೀಸ್, ಸಾಲ ಎಲ್ಲ ಆಗಿಹೋಗಿರುತ್ತಿತ್ತು. ಹದಿನೇಳಕ್ಕೆ ಗೊತ್ತಾಯಿತು, ಹದಿನೈದು ಗಂಟೆಯಲ್ಲಿ ಗೊತ್ತಾಯಿತು.

ಎರಡನೇ ವರ್ಷ ಬದಲಾಯಿಸಿದ್ದು

ಬೇಸಿಗೆಯಲ್ಲಿ ಕೂತು ನಮ್ಮ ಮಕ್ಕಳು ಸಾಮಾನ್ಯವಾಗಿ ಹೋಗುವ ಐದು ವಿಶ್ವವಿದ್ಯಾಲಯಗಳಿಗೆ ನಾನೇ ಫೋನ್ ಮಾಡಿದೆ. ಕೆಲವು ಕಡೆ ಮೂರು ನಾಲ್ಕು ಸಲ. ಎರಡು ಕಡೆಯವರು ನಮ್ಮ ಕೋರ್ಸಿನ ಸಿಲಬಸ್ ತರಿಸಿಕೊಂಡು, ತಮ್ಮ ಮೊದಲ ಕೋರ್ಸಿಗೆ ಸಮ ಅಂತ ಬರೆದುಕೊಟ್ಟರು. ಅವರಿಗೆ ಒಪ್ಪಿಗೆಯಾದದ್ದು ಗೆರೆ ಎಳೆಯುವ ಫಾರ್ಮ್ ಅಲ್ಲ, ಒಂದೇ ಮಗುವಿನ ಜೊತೆ ವಾರ ವಾರ ಮಾಡಿದ ಕೆಲಸದ ದಾಖಲೆ. ಉಳಿದ ಮೂರು ಕಡೆ ಐಚ್ಛಿಕವೇ.

ಅದಕ್ಕೆ ಕೋರ್ಸ್‌ಗಳ ಸಾಲನ್ನೇ ಬದಲಾಯಿಸಿದೆವು. ಶಿಕ್ಷಣದ ಕೋರ್ಸ್ ಒಂದೇ ಸಾಕು. ಉಳಿದ ಕ್ರೆಡಿಟ್ ಎಲ್ಲ ಯಾವ ಪದವಿಗೂ ಬೇಕಾಗುವ ಸಾಮಾನ್ಯ ವಿಷಯಗಳಲ್ಲಿ ಇರಲಿ: ಕಾಲೇಜು ಬರವಣಿಗೆ, ಸಾಮಾನ್ಯ ಮನಃಶಾಸ್ತ್ರ. ಇಲಿನಾಯ್‌ನಲ್ಲಿ 1998ರಿಂದ ಕಾಲೇಜುಗಳ ನಡುವೆ ಒಂದು ಒಪ್ಪಂದ ಇದೆ, ನೂರಕ್ಕೂ ಹೆಚ್ಚು ಕಾಲೇಜುಗಳು ಅದರಲ್ಲಿವೆ. ಅದರ ಪಟ್ಟಿಯಲ್ಲಿರುವ ಸಾಮಾನ್ಯ ವಿಷಯಗಳು ಆ ಕಾಲೇಜುಗಳಲ್ಲಿ ಸರಿಯಾದ ಖಾನೆಗೇ ಹೋಗಿ ಕೂರುತ್ತವೆ. ಡೇವಿಡ್‌ನಂಥವರು ಮನಸ್ಸು ಬದಲಾಯಿಸಿದರೂ ಆ ಕ್ರೆಡಿಟ್ ವ್ಯರ್ಥ ಆಗುವುದಿಲ್ಲ. ಶಿಕ್ಷಣದ ಆಸೆ ಇರುವ ಮಕ್ಕಳಿಗೆ ಶಿಕ್ಷಣದ್ದೇ ಮೂರು ನಾಲ್ಕು ಕೋರ್ಸ್ ಪೇರಿಸುವ ಶಾಲೆಗಳನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ ಅಂತಲೇ ಹೇಳುತ್ತೇನೆ.

ಬರವಣಿಗೆಯ ಕೋರ್ಸ್ ಮೊದಲು ಬಂತು, ಶಿಕ್ಷಣದ ಕೋರ್ಸ್ ಅದರ ನಂತರದ ಸೆಮಿಸ್ಟರ್‌ಗೆ ಹೋಯಿತು. ಪ್ರೈಮರಿ ಶಾಲೆಯ 15 ಗಂಟೆಯನ್ನು ಎರಡು ವರ್ಷಕ್ಕೆ ಹರಡಿ 60ಕ್ಕೆ ಏರಿಸಿದೆವು, ಡಿಪ್ಲೊಮಾದ ಮುದ್ರೆಗೂ ಅದೇ ಸಾಲುತ್ತದೆ. ಆರನೇ ವಾರಕ್ಕೇ ಪ್ರತಿ ಮಗುವಿನ ಅಂಕ ನೋಡಿ ಮಾತಾಡುವುದು ಅಂತ ನಿಯಮ ಮಾಡಿಕೊಂಡೆವು. ಒಂಬತ್ತನೇ ವಾರದಲ್ಲಿ ನೋಡಿದರೆ ಲೆಕ್ಕ 88ಕ್ಕೆ ಹೋಗಿರುತ್ತದೆ, ಆರರಲ್ಲಿ ನೋಡಿದರೆ ಇನ್ನೂ ಕೈಗೆ ಸಿಗುವ ಸಂಖ್ಯೆ ಇರುತ್ತದೆ.

ಎಲ್ಲವೂ ಸರಿಹೋಯಿತು ಅಂತಲ್ಲ. ವಿಡಿಯೊ ಪಾಠ ಇನ್ನೂ ಇದೆ, ಮತ್ತು ಅದು ಎದುರಿಗೆ ನಿಂತು ಮಾಡಿದ ಪಾಠದ ಹತ್ತಿರಕ್ಕೂ ಬರುವುದಿಲ್ಲ. ಜನವರಿಯ ಹಿಮದಲ್ಲಿ ಬಸ್ಸು ನಿಂತರೆ ಆ ವಾರದ ಗಂಟೆ ಹೋದಂತೆಯೇ. ನಮ್ಮ ಹಿರಿಯ ಟೀಚರ್ ಪ್ರತಿ ಬೇಸಿಗೆ ಒಂದೊಂದು ಕೋರ್ಸ್ ಅಂತ ಆ 18 ಕ್ರೆಡಿಟ್ ಓದುತ್ತಿದ್ದಾರೆ. ಐವತ್ತು ದಾಟಿದ ಮೇಲೆ ರಾತ್ರಿ ಕೂತು ಪ್ರಬಂಧ ಬರೆಯುತ್ತಾರೆ, ಬೆಳಿಗ್ಗೆ ಅದನ್ನೇ ಮಕ್ಕಳಿಗೆ ತೋರಿಸಿ ಎಲ್ಲಿ ಕೆಂಪು ಗೆರೆ ಬಿತ್ತು ಅಂತ ಹೇಳುತ್ತಾರೆ.

ಮರಿಯಾ ಹನ್ನೆರಡನೇ ತರಗತಿಯಲ್ಲಿ ಮೊದಲ ಸೆಮಿಸ್ಟರ್ ಬರವಣಿಗೆಯ ಕೋರ್ಸ್ ಮಾಡಿದಳು. ಎರಡನೆಯದರಲ್ಲಿ ಶಿಕ್ಷಣದ ಕೋರ್ಸಿಗೆ ಮತ್ತೆ ಸೇರಿದಳು. ಈ ಸಲ 'ಬಿ' ಬಂತು. ಅಂಕಪಟ್ಟಿಯಲ್ಲಿ 'ಡಬ್ಲ್ಯೂ' ಹಾಗೇ ಇದೆ, ಅದು ಹೋಗುವುದಿಲ್ಲ. ಈಗ ಅವಳು ಅದೇ ಕಮ್ಯುನಿಟಿ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಎರಡು ವರ್ಷದ ನಂತರ, ಕೋರ್ಸ್ ಸಮ ಅಂತ ಬರೆದುಕೊಟ್ಟ ಎರಡು ವಿಶ್ವವಿದ್ಯಾಲಯಗಳಲ್ಲಿ ಒಂದಕ್ಕೆ ಹೋಗುವ ಯೋಚನೆ.

ಹಳೇ ಪ್ರಚಾರದ ಹಾಳೆಯನ್ನು ತೆಗೆದುಹಾಕಿದೆವು. ಈಗ ಸೇರುವ ಮೊದಲೇ ಪ್ರತಿ ಮನೆಗೆ ಎರಡು ಪುಟದ ಕಾಗದ ಹೋಗುತ್ತದೆ. ಯಾವ ವಿಶ್ವವಿದ್ಯಾಲಯದಲ್ಲಿ ಈ ಕೋರ್ಸ್ ಯಾವುದರ ಬದಲಿಗೆ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ, ಯಾವ ತಾರೀಕಿನೊಳಗೆ ಬಿಟ್ಟರೆ ಏನಾಗುತ್ತದೆ, 'ಡಬ್ಲ್ಯೂ' ಅಂದರೇನು, ಕಾಲೇಜು ನಿಮ್ಮ ಫೋನಿಗೆ ಯಾಕೆ ಉತ್ತರ ಕೊಡುವುದಿಲ್ಲ, ಮಗಳು ಯಾವ ಫಾರ್ಮಿಗೆ ಸಹಿ ಹಾಕಿದರೆ ಕೊಡುತ್ತದೆ. ಇಂಗ್ಲಿಷಿನಲ್ಲಿ ಒಂದು ಪ್ರತಿ, ಸ್ಪ್ಯಾನಿಷಿನಲ್ಲಿ ಒಂದು ಪ್ರತಿ. ಸ್ಪ್ಯಾನಿಷಿಗೆ ಅನುವಾದ ಮಾಡಿಕೊಟ್ಟವಳು ಮರಿಯಾ. 'ಹಿಂದೆ ಸರಿಯುವುದು' ಅನ್ನುವ ಜಾಗದಲ್ಲಿ ನಾವು ಒಂದೇ ಪದ ಇಟ್ಟಿದ್ದೆವು. ಅವಳು ಅದನ್ನು ಹೊಡೆದುಹಾಕಿ ಎರಡು ಸಾಲು ಬರೆದಿದ್ದಾಳೆ. "ನಿಮ್ಮ ಮಗುವನ್ನು ಯಾರೂ ತೆಗೆದುಹಾಕುತ್ತಿಲ್ಲ" ಅಂತ ಮೊದಲ ಸಾಲು ಶುರುವಾಗುತ್ತದೆ.